ಗೋಡೆಯೊಳಗೆ ಹಳೇ ಫೋಮ್ ಇರುವ ಮನೆ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಕೆನಡಾದ ಟೊರಾಂಟೊ, ಹ್ಯಾಮಿಲ್ಟನ್ ಕಡೆ ಮನೆ ಕೊಳ್ಳುವವರಿಗೆ ಅಗ್ರಿಮೆಂಟಿನಲ್ಲಿ ಒಂದು ಕಲಮು ಎದುರಾಗುತ್ತದೆ. ಈ ಮನೆಗೆ ಯೂರಿಯಾ ಫಾರ್ಮಾಲ್ಡಿಹೈಡ್ ಇರುವ ಇನ್ಸುಲೇಷನ್ (ಚಳಿ ತಡೆಯಲು ಗೋಡೆಯೊಳಗೆ ತುಂಬುವ ಫೋಮ್) ನಾವು ಹಾಕಿಸಿಲ್ಲ, ನಮಗೆ ಗೊತ್ತಿರುವ ಮಟ್ಟಿಗೆ ಹಿಂದೆಯೂ ಇರಲಿಲ್ಲ ಅಂತ ಮಾರುವವರು ಬರೆದುಕೊಡುವ ಕಲಮು ಅದು. ಹೊಸ ಮನೆಯಾದರೆ ಅದನ್ನು ಯಾರೂ ಓದುವುದಿಲ್ಲ. 1950ರ ಮನೆಯಾಗಿದ್ದು, ಮಾರುವವರು ಆ ಕಲಮನ್ನು ಹೊಡೆದುಹಾಕಿ ಕಳಿಸಿದ್ದರೆ ಮನೆಮಂದಿಗೆಲ್ಲ ನಿದ್ದೆ ಹಾರುತ್ತದೆ. ಆಮೇಲೆ ಶುರು: ಕ್ಯಾನ್ಸರ್ ಬರುತ್ತಾ, ಬ್ಯಾಂಕಿನವರು ಸಾಲ ಕೊಡ್ತಾರಾ, ಗೋಡೆ ಪೂರ್ತಿ ಒಡೆಸಬೇಕಾ?

ಇಂಥ ಮನೆ ನೋಡಲು ಗೆಳೆಯರ ಜೊತೆ ಹೋದಾಗ ನಾನು ಮೊದಲು ಮೂಸಿ ನೋಡುವುದಿಲ್ಲ. ನೀರು ಎಲ್ಲಿಂದ ಒಳಗೆ ಬರುತ್ತಿದೆ ಅಂತ ನೋಡುತ್ತೇನೆ. ನಲವತ್ತೈದು ವರ್ಷ ದಾಟಿದ ಫೋಮ್ ಒಣಗಿದ್ದರೆ ಅದರಿಂದ ಫಾರ್ಮಾಲ್ಡಿಹೈಡ್ ಅನ್ನುವ ಚುಚ್ಚುವ ವಾಸನೆಯ ಅನಿಲ ಗಾಳಿಗೆ ಬರುವುದು ಬಹಳ ಕಡಿಮೆ. ಒದ್ದೆಯಾದರೆ ಕಥೆಯೇ ಬೇರೆ. ಈ ಕೈಪಿಡಿ ಸಾಗುವುದು ಅದೇ ದಾರಿಯಲ್ಲಿ.

ಈ ಫೋಮ್ ಗೋಡೆಗೆ ಬಂದದ್ದು ಹೇಗೆ

1973ರ ತೈಲ ಬಿಕ್ಕಟ್ಟಿನ ನಂತರ ಮನೆ ಬೆಚ್ಚಗಿಡುವ ಖರ್ಚು ಏರಿತು. ಕೆನಡಾ ಸರ್ಕಾರ 1977ರಲ್ಲಿ ಮನೆಗಳಿಗೆ ಇನ್ಸುಲೇಷನ್ ಹಾಕಿಸಲು ಧನಸಹಾಯದ ಯೋಜನೆ ತಂದಿತು. ಗೋಡೆ ಒಡೆಯದೆ ಹಾಕಬಹುದಾದದ್ದು ಈ ಫೋಮ್. ಯೂರಿಯಾ ಫಾರ್ಮಾಲ್ಡಿಹೈಡ್ ರಾಳ, ನೊರೆ ಬರಿಸುವ ಆಮ್ಲದ ದ್ರಾವಣ, ಒತ್ತಡದ ಗಾಳಿ, ಈ ಮೂರನ್ನೂ ಮನೆ ಮುಂದೆ ನಿಂತ ಲಾರಿಯಿಂದಲೇ ಬೆರೆಸಿ, ಗೋಡೆಗೆ ತೂತು ಕೊರೆದು ಪೈಪಿನಲ್ಲಿ ತುಂಬುತ್ತಿದ್ದರು. ಒಳಗೆ ಹೋಗುವಾಗ ಅದು ಶೇವಿಂಗ್ ಕ್ರೀಮಿನ ಹಾಗೆ ಇರುತ್ತಿತ್ತು, ಆಮೇಲೆ ಗಟ್ಟಿಯಾಗುತ್ತಿತ್ತು.

ಬೆರೆಸುವ ಲೆಕ್ಕ ತಪ್ಪಿದರೆ ಗಟ್ಟಿಯಾಗದೆ ಉಳಿದ ಫಾರ್ಮಾಲ್ಡಿಹೈಡ್ ಮನೆಯೊಳಗೆ ಬರುತ್ತಿತ್ತು. ಬೆರೆಸುವ ಕೆಲಸವೆಲ್ಲ ಸ್ಥಳದಲ್ಲೇ ಆಗುತ್ತಿದ್ದರಿಂದ ಒಂದು ಮನೆಯ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಕಣ್ಣುರಿ, ಗಂಟಲು ಕೆರೆತದ ದೂರುಗಳು ಬಂದವು. 1980ರ ಡಿಸೆಂಬರಿನಲ್ಲಿ ಕೆನಡಾ ಇದನ್ನು ನಿಷೇಧಿಸಿತು. ಅಮೆರಿಕದಲ್ಲಿ 1982ರಲ್ಲಿ ನಿಷೇಧ ಬಂತು, 1983ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಮನೆ ಮಾಲೀಕರು ಹೂಡಿದ ದಾವೆ ಎಂಟು ವರ್ಷ ಎಳೆಯಿತು. 1991ರಲ್ಲಿ ತೀರ್ಪು ಮಾಲೀಕರ ವಿರುದ್ಧ ಬಂತು. ಆದರೂ ಅಗ್ರಿಮೆಂಟಿನ ಕಲಮು ಮಾತ್ರ ಹಾಗೇ ಉಳಿದಿದೆ. ಏಜೆಂಟರು ಇದನ್ನು ಚಿಕ್ಕದಾಗಿ ‘ಯೂಫಿ’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಮೊದಲ ಪ್ರಶ್ನೆ: ಗೋಡೆಯೊಳಗೆ ನಿಜವಾಗಿಯೂ ಯೂಫಿ ಇದೆಯಾ?

ನಮ್ಮ ಊರಿನ ಇಟ್ಟಿಗೆ ಗೋಡೆ, ಜಂಬಿಟ್ಟಿಗೆ ಗೋಡೆ ನೋಡಿ ಬೆಳೆದವರಿಗೆ ಇಲ್ಲಿನ ಗೋಡೆ ಬಡಿದರೆ ಡಬ್ ಡಬ್ ಅನ್ನುವುದೇ ವಿಚಿತ್ರ. ಒಳಗೆ ಮರದ ಕಂಬಗಳು, ಅವುಗಳ ನಡುವೆ ಖಾಲಿ ಸಂದು, ಹೊರಗೆ ಮರದ ಹಲಗೆ ಅಥವಾ ಇಟ್ಟಿಗೆ. ಹಳೇ ಟೊರಾಂಟೊದ ಎರಡು ಪದರ ಇಟ್ಟಿಗೆಯ ಮನೆಗಳಲ್ಲಿ ಸಂದು ಬಹಳ ಸಣ್ಣದು, ಒಳಗೋಡೆಯ ಗಾರೆಗೂ ಇಟ್ಟಿಗೆಗೂ ನಡುವೆ ಸುಮಾರು ಒಂದಿಂಚು. ಅದಕ್ಕೂ ಫೋಮ್ ತುಂಬಿದ್ದಾರೆ.

ಹೊರಗಿನಿಂದ ಶುರು ಮಾಡಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಗೋಡೆಯ ಪಕ್ಕ ನಿಂತು ಉದ್ದಕ್ಕೆ ನೋಡಿ. ಇಟ್ಟಿಗೆ ಮನೆಯಾದರೆ ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ದುಂಡಗಿನ ತೇಪೆಗಳು ಕಾಣುತ್ತವಾ? ಒಂದೇ ಎತ್ತರದಲ್ಲಿ, ಒಂದೇ ಅಂತರದಲ್ಲಿ ಸಾಲಾಗಿ ಇದ್ದರೆ ಅಲ್ಲಿ ಏನನ್ನೋ ತುಂಬಿದ್ದಾರೆ ಅಂತಲೇ ಅರ್ಥ. ತೇಪೆಯ ಸಿಮೆಂಟು ಹಳೇ ಸುಣ್ಣದ ಗಾರೆಗಿಂತ ಬೂದು ಬಣ್ಣಕ್ಕಿರುತ್ತದೆ. ಮರದ ಹಲಗೆಯ ಮನೆಯಲ್ಲಿ ಮರದ ಬಿರಡೆ ಹೊಡೆದು ಬಣ್ಣ ಬಳಿದಿರುತ್ತಾರೆ. ಕೆಲವರು ಒಳಗಿನಿಂದ ಗಾರೆಗೆ ತೂತು ಹಾಕಿದ್ದೂ ಉಂಟು. ಆದರೆ ತೂತು ಕಂಡಾಕ್ಷಣ ಯೂಫಿ ಅಂತ ತೀರ್ಮಾನ ಮಾಡಬೇಡಿ. ಕಾಗದದ ಚೂರಿನ ಇನ್ಸುಲೇಷನ್ನನ್ನೂ ಹೀಗೇ ಊದಿ ತುಂಬುತ್ತಾರೆ.

ನಂತರ ನೆಲಮಾಳಿಗೆಗೆ ಇಳಿಯಿರಿ. ಅಡಿಪಾಯದ ಮೇಲೆ ಮರದ ತೊಲೆಗಳು ಕೂರುವ ಜಾಗ ನೋಡಿ. ಗೋಡೆಗೆ ತುಂಬಿದಾಗ ಉಕ್ಕಿದ ಫೋಮ್ ಅಲ್ಲಿನ ಬಿರುಕುಗಳಿಂದ ಹೊರಬಂದು ಒಣಗಿರುತ್ತದೆ. ಅಟ್ಟದಲ್ಲಿ ಗೋಡೆಗಳ ತಲೆಭಾಗ ಕಾಣುವ ಕಡೆಯೂ ಹೀಗೇ.

ಎಲ್ಲೂ ಸಿಗದಿದ್ದರೆ ಹೊರಗೋಡೆಯ ಮೇಲಿರುವ ಒಂದು ಪ್ಲಗ್ ಪಾಯಿಂಟ್ ಬಿಚ್ಚಿಸಿ. ಇದಕ್ಕೆ ಮಾರುವವರ ಒಪ್ಪಿಗೆ ಬೇಕು, ಮೇನ್ ಬೋರ್ಡಿನಲ್ಲಿ ಆ ಸಾಲಿನ ಕರೆಂಟ್ ತೆಗೆದಿರಬೇಕು. ಮುಚ್ಚಳ ತೆಗೆದ ಮೇಲೆ ಡಬ್ಬಿಗೂ ಗಾರೆಗೂ ನಡುವೆ ಕಡ್ಡಿಯಷ್ಟು ಸಂದು ಇರುತ್ತದೆ. ಟಾರ್ಚ್ ಬಿಟ್ಟು ನೋಡಿ. ಯೂಫಿ ಇದ್ದರೆ ಕೆನೆ ಬಣ್ಣದ, ಹೊಳಪಿಲ್ಲದ, ಸಣ್ಣ ಸಣ್ಣ ಗುಳ್ಳೆಗಳ ಒಣ ನೊರೆ ಕಾಣುತ್ತದೆ. ಪ್ಲಾಸ್ಟಿಕ್ ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದರೆ ಸಾಕು, ಪುಡಿ ಉದುರುತ್ತದೆ. ಬೆರಳ ನಡುವೆ ಹಿಡಿದರೆ ಹಿಟ್ಟಾಗಿಬಿಡುತ್ತದೆ, ತೂಕವೇ ಇರುವುದಿಲ್ಲ. ಬರಿಗೈ ಬೇಡ, ಗ್ಲವ್ಸ್ ಮತ್ತು ಮಾಸ್ಕ್ ಇರಲಿ.

ಇದರ ಜೊತೆ ಗೊಂದಲವಾಗುವ ವಸ್ತುಗಳು ಬೇರೆ ಇವೆ. ಪಾಲಿಯುರೆಥೇನ್ ಸ್ಪ್ರೇ ಫೋಮ್ ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಮೇಲೆ ಹೊಳೆಯುವ ಸಿಪ್ಪೆ ಇರುತ್ತದೆ, ಒತ್ತಿದರೆ ಪುಡಿಯಾಗುವುದಿಲ್ಲ. ಬಿಳಿ ಮಣಿಗಳು ಒತ್ತೊತ್ತಾಗಿ ಕೂತಿದ್ದರೆ ಅದು ಥರ್ಮೋಕೋಲ್ ಹಲಗೆ, ಹೆದರಬೇಕಾದ್ದಿಲ್ಲ. ಮಿರಮಿರ ಮಿಂಚುವ ಬೂದು ಕಂದು ಬಣ್ಣದ ಸಣ್ಣ ಕಲ್ಲಿನಂಥ ಚೂರುಗಳು ಅಟ್ಟದಲ್ಲಿ ಹರಡಿದ್ದರೆ ಮಾತ್ರ ಅಲ್ಲೇ ನಿಲ್ಲಿ. ಅದು ವರ್ಮಿಕ್ಯುಲೈಟ್ ಅನ್ನುವ ಖನಿಜದ ಇನ್ಸುಲೇಷನ್. ಅಮೆರಿಕದ ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದ ವರ್ಮಿಕ್ಯುಲೈಟಿನಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಿನ ಜೊತೆ ಒಳಹೋದರೆ ಕ್ಯಾನ್ಸರ್ ತರುವ ನಾರಿನಂಥ ಖನಿಜ, ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿತು, ಮಾಲು ಮನೆಗಳಲ್ಲಿ ಉಳಿದಿದೆ. ಅದನ್ನು ಕೆದಕಬೇಡಿ, ಗುಡಿಸಬೇಡಿ, ಲ್ಯಾಬಿಗೆ ಕೊಡಿಸಿ. ನನ್ನನ್ನು ಕೇಳಿದರೆ ಯೂಫಿಗಿಂತ ಇದಕ್ಕೆ ಜಾಸ್ತಿ ಹೆದರಬೇಕು. ವಿಚಿತ್ರ ಅಂದರೆ ಮನೆ ನೋಡಲು ಬಂದವರು ಗೋಡೆ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ, ಅಟ್ಟಕ್ಕೆ ಏಣಿ ಹಾಕುವುದೇ ಇಲ್ಲ.

ಲಕ್ಷಣ: ಗೋಡೆ ಒದ್ದೆ, ಬಣ್ಣ ಏಳುತ್ತಿದೆ, ಬೂಷ್ಟು ವಾಸನೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನೀರು ತಗುಲಿದ ಯೂಫಿ ನಿಧಾನವಾಗಿ ಒಡೆಯುತ್ತದೆ, ಒಡೆಯುವಾಗ ಫಾರ್ಮಾಲ್ಡಿಹೈಡ್ ಮತ್ತೆ ಹೊರಬರುತ್ತದೆ. ಅಷ್ಟೇ ಆದರೆ ಪರವಾಗಿಲ್ಲ. ಒದ್ದೆ ಫೋಮ್ ಮರದ ಕಂಬಕ್ಕೆ ಒತ್ತಿಕೊಂಡಿರುತ್ತದೆ, ಗಾಳಿಯಾಡಲು ಜಾಗವಿಲ್ಲ, ಮರ ಕೊಳೆಯುತ್ತದೆ. ಕೊಳೆತ ಕಂಬ ಬದಲಿಸುವ ಖರ್ಚಿನ ಮುಂದೆ ಫೋಮ್ ತೆಗೆಸುವ ಖರ್ಚು ಏನೂ ಅಲ್ಲ.

ಕಲೆ ಇರುವ ಜಾಗದಿಂದ ಮೇಲಕ್ಕೆ ಹುಡುಕುತ್ತಾ ಹೋಗಿ. ಕಿಟಕಿಯ ಕೆಳ ಮೂಲೆಗಳಲ್ಲಿ ಕಲೆ ಇದ್ದರೆ ಕಿಟಕಿ ಚೌಕಟ್ಟಿನ ಸುತ್ತಲಿನ ಸೀಲೆಂಟ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಕಿಟಕಿ ಮೇಲೆ ಮಳೆನೀರು ತಡೆಯುವ ತಗಡು ಸರಿ ಕೂತಿಲ್ಲ. ಮಹಡಿಯ ಮೇಲ್ಭಾಗದ ಹೊರಮೂಲೆಯಲ್ಲಿದ್ದರೆ ಛಾವಣಿಯ ಅಂಚಿನ ಮಳೆನೀರಿನ ದೋಣಿ ನೋಡಿ. ಎಲೆ ಕಟ್ಟಿಕೊಂಡಿರುತ್ತದೆ, ಅಥವಾ ಚಳಿಗಾಲದಲ್ಲಿ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿ ಕರಗಿದ ನೀರು ಹಂಚಿನ ಕೆಳಗೆ ನುಗ್ಗಿರುತ್ತದೆ. ಗೋಡೆಯ ಬುಡದಲ್ಲಿದ್ದರೆ ದೋಣಿಯಿಂದ ನೀರಿಳಿಯುವ ಪೈಪು ಅಡಿಪಾಯದ ಪಕ್ಕದಲ್ಲೇ ಸುರಿಯುತ್ತಿದೆಯಾ ನೋಡಿ. ಆ ಪೈಪಿಗೆ ಇನ್ನೊಂದು ತುಂಡು ಜೋಡಿಸಿ ನೀರನ್ನು ದೂರ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇಷ್ಟು ಸುಲಭದ ಕೆಲಸವನ್ನು ಇಷ್ಟು ಮನೆಗಳಲ್ಲಿ ಯಾಕೆ ಮಾಡಿರುವುದಿಲ್ಲವೋ ದೇವರೇ ಬಲ್ಲ.

ಇಟ್ಟಿಗೆ ಮನೆಯಲ್ಲಿ ಇನ್ನೂ ಎರಡು ಗುರುತುಗಳಿವೆ. ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಹೊಮ್ಮಿದ್ದರೆ ಒಳಗಿನಿಂದ ನೀರು ಹಾದು ಹೊರಬರುತ್ತಿದೆ. ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತಿದ್ದರೆ, ಒಳಗೆ ನಿಂತ ನೀರು ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತಿದೆ. ಇನ್ಸುಲೇಷನ್ ಇಲ್ಲದಾಗ ಮನೆಯ ಬಿಸಿ ಇಟ್ಟಿಗೆಯನ್ನು ಒಣಗಿಸುತ್ತಿತ್ತು. ಒಳಗಡೆ ಫೋಮ್ ತುಂಬಿದ ಮೇಲೆ ಇಟ್ಟಿಗೆ ತಣ್ಣಗೇ ಉಳಿಯುತ್ತದೆ, ಒಣಗುವುದು ನಿಧಾನ. ಇದಕ್ಕೆ ಯಾರೋ ಗಟ್ಟಿ ಸಿಮೆಂಟಿನಲ್ಲಿ ಸಂದು ತುಂಬಿಸಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಹಳೇ ಇಟ್ಟಿಗೆಗೆ ಸುಣ್ಣದ ಮೆದು ಗಾರೆಯೇ ಆಗಬೇಕು.

ಮರಕ್ಕೆ ಚುಚ್ಚಿ ನೋಡುವ ತೇವದ ಮೀಟರು, ಕೊಳ್ಳುವ ಮುಂಚೆ ಮನೆ ತಪಾಸಣೆ ಮಾಡುವ ಹೋಮ್ ಇನ್ಸ್‌ಪೆಕ್ಟರ್ ಹತ್ತಿರ ಇರುತ್ತದೆ. ಕಿಟಕಿ ಕೆಳಗಿನ ಪಟ್ಟಿಗೆ, ನೆಲಮಾಳಿಗೆಯ ತೊಲೆಯ ತುದಿಗೆ ಹಿಡಿಸಿ. ಶೇ. 20ಕ್ಕಿಂತ ಮೇಲೆ ತೋರಿಸಿದರೆ ಅಲ್ಲಿ ಗೋಡೆ ತೆರೆದು ನೋಡದೆ ಆಫರ್ ಗಟ್ಟಿ ಮಾಡಬೇಡಿ.

ಕೆಲವೊಮ್ಮೆ ನೀರು ಹೊರಗಿನದ್ದಲ್ಲ, ನಮ್ಮದೇ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಅನ್ನ ಬೇಯಿಸಿ, ಕುಕ್ಕರ್ ಕೂಗಿಸಿ, ಒಳಗೇ ಬಟ್ಟೆ ಒಣಗಿಸಿದರೆ ಆ ಹಬೆಯೆಲ್ಲ ತಣ್ಣಗಿನ ಗೋಡೆಯ ಮೇಲೆ ಕೂರುತ್ತದೆ. ಬೆಳಿಗ್ಗೆ ಕಿಟಕಿ ಗಾಜಿನ ಕೆಳಗೆ ನೀರು ನಿಂತಿದ್ದರೆ ಗೋಡೆಯೊಳಗೂ ಹಾಗೇ ಆಗುತ್ತಿರಬಹುದು. ಒಲೆ ಮೇಲಿನ ಫ್ಯಾನು ಹಬೆಯನ್ನು ಹೊರಗೆ ಬಿಡುತ್ತಿದೆಯಾ, ಇಲ್ಲ ಫಿಲ್ಟರಿನಲ್ಲಿ ಸುತ್ತಿಸಿ ಮತ್ತೆ ಅಡುಗೆಮನೆಗೇ ಬಿಡುತ್ತಿದೆಯಾ ನೋಡಿ.

ಲಕ್ಷಣ: ಕಣ್ಣುರಿ, ಗಂಟಲು ಕೆರೆತ, ಚುಚ್ಚುವ ವಾಸನೆ

ಎಲ್ಲರೂ ಫೋಮ್ ಕಡೆ ಬೊಟ್ಟು ಮಾಡುವುದು ಇಲ್ಲೇ. ಗೋಡೆ ಒಣಗಿದ್ದರೆ ನಾನು ಮೊದಲು ಅನುಮಾನಿಸುವುದು ಪೀಠೋಪಕರಣಗಳನ್ನು. ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯ ಬೀರು, ಅಡುಗೆಮನೆ ಕಪಾಟು, ಹೊಸ ಲ್ಯಾಮಿನೇಟ್ ನೆಲ, ಇವುಗಳ ಅಂಟಿನಲ್ಲೂ ಇರುವುದು ಯೂರಿಯಾ ಫಾರ್ಮಾಲ್ಡಿಹೈಡೇ. ಜೊತೆಗೆ ಸಿಗರೇಟು, ಗ್ಯಾಸ್ ಒಲೆ, ಊದುಬತ್ತಿ. ಮಾರುವುದಕ್ಕೆ ಮುಂಚೆ ಮನೆಯನ್ನು ಥಳಥಳ ಮಾಡುವುದು ಇಲ್ಲಿನ ರೂಢಿ. ಹೊಸ ಬಣ್ಣ, ಹೊಸ ನೆಲ, ಹೊಸ ಕಪಾಟು. ಹ್ಯಾಮಿಲ್ಟನ್ನಿನ ಪರಿಚಯದವರೊಬ್ಬರ ಮನೆಯಲ್ಲಿ ಒಂದೇ ಮಲಗುವ ಕೋಣೆಯಲ್ಲಿ ಕಣ್ಣು ಉರಿಯುತ್ತಿತ್ತು. ಫೋಮ್ ನಾಲ್ಕೂ ಹೊರಗೋಡೆಯಲ್ಲಿತ್ತು, ಉರಿ ಮಾತ್ರ ಒಂದೇ ಕೋಣೆಯಲ್ಲಿ. ಅಲ್ಲಿ ಗೋಡೆಯಿಂದ ಗೋಡೆಗೆ ಹೊಸ ಬೀರು ಕೂರಿಸಿದ್ದರು. ಬೀರಿನ ಬಾಗಿಲು ತೆರೆದು ಮುಖ ಒಳಗಿಟ್ಟರೆ ಸಾಕು, ಗೊತ್ತಾಗುತ್ತಿತ್ತು.

ಹಾಗಾಗಿ ಮೊದಲ ಪರೀಕ್ಷೆಗೆ ದುಡ್ಡು ಬೇಡ. ಕಿಟಕಿ ಬಾಗಿಲು ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಹೊರಗೆ ಸ್ವಲ್ಪ ಹೊತ್ತು ನಿಂತು ಬಂದು ಒಂದೊಂದೇ ಕೋಣೆ, ಒಂದೊಂದೇ ಕಪಾಟು ಮೂಸಿ. ವಾಸನೆ ಪ್ಲಗ್ ಪಾಯಿಂಟ್ ಹತ್ತಿರ, ಗೋಡೆ ಬುಡದ ಪಟ್ಟಿ ಹತ್ತಿರ ಜಾಸ್ತಿಯಾ? ಹಾಗಿದ್ದರೆ ಗೋಡೆ. ಕಪಾಟಿನೊಳಗೆ ಜಾಸ್ತಿಯಾ? ಹಾಗಿದ್ದರೆ ಕಪಾಟು.

ಅಳತೆ ಬೇಕೆಂದರೆ ಕೋಣೆಯ ಗಾಳಿ ಹಿಡಿದು ಲ್ಯಾಬಿಗೆ ಕಳಿಸುವ ಬಿಲ್ಲೆ ಅಥವಾ ಕೊಳವೆಯ ಪರೀಕ್ಷೆ ಮಾಡಿಸಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮೀಟರುಗಳನ್ನು ನಂಬಿ ಮನೆ ಕೊಳ್ಳುವುದೂ ಬೇಡ, ಬಿಡುವುದೂ ಬೇಡ. ಸ್ಯಾನಿಟೈಸರ್ ಹಚ್ಚಿದ ಕೈ ತಂದರೂ ಅವುಗಳಲ್ಲಿ ಕೆಲವು ಕೂಗಿಕೊಳ್ಳುತ್ತವೆ. ಪರೀಕ್ಷೆಯ ದಿನ ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆ ಯಾವುದೂ ಬೇಡ. ಹೆಲ್ತ್ ಕೆನಡಾದ ಮಾರ್ಗಸೂಚಿ ಪ್ರಕಾರ ಮನೆಯ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಒಂದು ಗಂಟೆಯ ಸರಾಸರಿಗೆ ಘನ ಮೀಟರಿಗೆ 123 ಮೈಕ್ರೋಗ್ರಾಂ, ದೀರ್ಘಕಾಲದ ಲೆಕ್ಕಕ್ಕೆ ಎಂಟು ಗಂಟೆಯ ಸರಾಸರಿ 50 ಮೈಕ್ರೋಗ್ರಾಂ ದಾಟಬಾರದು. ವರದಿ ಬಂದಾಗ ಯಾವ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ ಅನ್ನುವುದನ್ನು ಗಮನಿಸಿ.

ಒಂದು ಎಚ್ಚರಿಕೆ. ಫಾರ್ಮಾಲ್ಡಿಹೈಡ್ ಬಿಸಿಗೆ, ತೇವಕ್ಕೆ ಜಾಸ್ತಿ ಹೊರಬರುತ್ತದೆ. ಜನವರಿಯಲ್ಲಿ ಮಾಡಿಸಿದ ಪರೀಕ್ಷೆ ಚೆನ್ನಾಗಿ ಬಂತು ಅಂತ ನಿಶ್ಚಿಂತೆಯಿಂದ ಕೂರಬೇಡಿ, ಜುಲೈನ ಸೆಕೆಯಲ್ಲಿ ಇನ್ನೊಮ್ಮೆ ಮಾಡಿಸಿ. ಈ ಅನಿಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ, ಹಾಗಾಗಿ ಅಳತೆ ಜಾಸ್ತಿ ಬಂದರೆ ಮೂಲ ಗೋಡೆಯೇ ಆಗಲಿ ಬೀರುವೇ ಆಗಲಿ, ಸುಮ್ನೆ ಬಿಡುವ ಹಾಗಿಲ್ಲ.

ಲಕ್ಷಣ: ಒಂದು ಗೋಡೆ ಮಾತ್ರ ಥಂಡಿ, ಹೀಟಿಂಗ್ ಬಿಲ್ಲು ಜಾಸ್ತಿ

ಯೂಫಿಯ ನಿಜವಾದ ಸೋಲು ಇಲ್ಲಿದೆ. ಅದು ಒಣಗುತ್ತಾ ಕುಗ್ಗುತ್ತದೆ. ಎರಡು ಕಂಬಗಳ ನಡುವೆ 14.5 ಇಂಚಿನ ಸಂದಿದೆ ಅಂದುಕೊಳ್ಳಿ. ಫೋಮ್ ಶೇ. 6ರಷ್ಟು ಕುಗ್ಗಿದರೂ ಮುಕ್ಕಾಲು ಇಂಚಿಗಿಂತ ಜಾಸ್ತಿ ಜಾಗ ಖಾಲಿಯಾಯಿತು. ಆ ಖಾಲಿಯಲ್ಲಿ ತಣ್ಣನೆ ಗಾಳಿ ಮೇಲೆ ಕೆಳಗೆ ಓಡಾಡುತ್ತದೆ. ಗೋಡೆಯಲ್ಲಿ ಇನ್ಸುಲೇಷನ್ ಇದೆ, ಆದರೂ ಸೋಫಾ ಹಿಂದೆ ಬೆನ್ನಿಗೆ ಚಳಿ.

ಇದನ್ನು ಕಣ್ಣಾರೆ ನೋಡಲು ಬಿಸಿ, ತಣ್ಣಗಿನ ಜಾಗಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಬೇಕು. ಒಳಗೂ ಹೊರಗೂ ಕನಿಷ್ಠ 10 ಡಿಗ್ರಿ ವ್ಯತ್ಯಾಸ ಇರುವ ದಿನ, ಬಿಸಿಲು ಬೀಳುವ ಮುಂಚೆ ಹಿಡಿಯಬೇಕು. ಕಂಬಗಳ ಪಕ್ಕದಲ್ಲೇ ಉದ್ದುದ್ದ ಗೆರೆಯಾಗಿ ತಣ್ಣನೆ ಬಣ್ಣ ಕಂಡರೆ ಫೋಮ್ ಕುಗ್ಗಿದೆ. ಕಿಟಕಿಯ ಕೆಳಗೆ ಚೌಕಾಕಾರದ ಇಡೀ ಜಾಗ ತಣ್ಣಗಿದ್ದರೆ ಅಲ್ಲಿಗೆ ಫೋಮ್ ತಲುಪೇ ಇಲ್ಲ. ಅಡ್ಡ ಮರವೊಂದು ತಡೆದಿರುತ್ತದೆ, ಅದರ ಕೆಳಗೆ ಬೇರೆ ತೂತು ಕೊರೆಯಲು ಕೆಲಸದವರು ಮರೆತಿರುತ್ತಾರೆ. ಅಂಕುಡೊಂಕಿನ ಮೋಡದಂಥ ಕಲೆಯಾಗಿದ್ದರೆ ಅದು ತೇವ ಇರಬಹುದು. ಆಗ ತೇವದ ಮೀಟರು ಚುಚ್ಚಿ ನೋಡಿ, ಒದ್ದೆ ಗೋಡೆಯ ಬಗ್ಗೆ ಮೇಲೆ ಹೇಳಿದ್ದನ್ನು ಮತ್ತೆ ಓದಿ.

ಮುಂಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿ ಮನೆಯ ಗಾಳಿ ಎಳೆಯುವ ಪರೀಕ್ಷೆಯನ್ನೂ ಇದರ ಜೊತೆಗೇ ಮಾಡಿಸಿದರೆ ಒಳ್ಳೆಯದು. ಫ್ಯಾನು ಓಡುವಾಗ ಪ್ಲಗ್ ಪಾಯಿಂಟುಗಳ ಮುಂದೆ ಅಂಗೈ ಹಿಡಿಯಿರಿ, ಎಲ್ಲಿಂದ ಗಾಳಿ ನುಗ್ಗುತ್ತಿದೆ ಅಂತ ಚರ್ಮಕ್ಕೇ ಗೊತ್ತಾಗುತ್ತದೆ. ಆ ತೂತುಗಳಿಂದಲೇ ಗೋಡೆಯೊಳಗಿನ ಗಾಳಿಯೂ ಪುಡಿಯೂ ಕೋಣೆಗೆ ಬರುವುದು. ಪ್ಲಗ್ ಪಾಯಿಂಟಿನ ಮುಚ್ಚಳಗಳ ಹಿಂದೆ ಫೋಮ್ ಗ್ಯಾಸ್ಕೆಟ್, ಗೋಡೆ ಬುಡದ ಪಟ್ಟಿಗೆ ಸೀಲೆಂಟ್, ನೆಲಮಾಳಿಗೆಯ ತೊಲೆ ತುದಿಗಳಿಗೆ ಸೀಲ್ ಮಾಡಿದರೆ ಥಂಡಿಯೂ ಕಡಿಮೆ, ವಾಸನೆಯೂ ಕಡಿಮೆ.

ವೈರಿಂಗ್

1950ಕ್ಕೆ ಮುಂಚಿನ ಮನೆಯಾದರೆ ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೇ ವೈರು ಗೋಡೆಯಲ್ಲಿ ಇರಬಹುದು. ಆ ವೈರು ತಣ್ಣಗಾಗಲು ಸುತ್ತ ಗಾಳಿ ಬೇಕು. ಅದರ ಸುತ್ತ ಫೋಮ್ ತುಂಬಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ. ಎಷ್ಟೋ ಇನ್ಶೂರೆನ್ಸ್ ಕಂಪನಿಗಳು ಇಂಥ ಮನೆ ಅಂದರೆ ಮುಖ ತಿರುಗಿಸುತ್ತವೆ, ಇನ್ಶೂರೆನ್ಸ್ ಇಲ್ಲದೆ ಬ್ಯಾಂಕು ದುಡ್ಡು ಬಿಡುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ನೋಡಿಸಿ.

ತೆಗೆಸಬೇಕಾ, ಬಿಡಬೇಕಾ

ಗೋಡೆ ಒಣಗಿದೆ, ಗಾಳಿ ಪರೀಕ್ಷೆ ಮಿತಿಯೊಳಗಿದೆ, ವೈರಿಂಗ್ ಸರಿಯಿದೆ ಅಂದರೆ ಬಿಟ್ಟುಬಿಡಿ. ಗೋಡೆ ಒಡೆದರೆ ಸುಮ್ಮನೆ ಕೂತಿದ್ದ ಪುಡಿಯನ್ನೆಲ್ಲ ಮನೆ ತುಂಬ ಹರಡಿದ ಹಾಗಾಗುತ್ತದೆ. ನೀರು ಬರುವ ದಾರಿ ಮುಚ್ಚಿ, ಗಾಳಿಯ ತೂತು ಮುಚ್ಚಿ. ತೂತು ಮುಚ್ಚಿದ ಮನೆಗೆ ಹೊಸ ಗಾಳಿಯ ವ್ಯವಸ್ಥೆಯೂ ಬೇಕಲ್ವಾ, ಅದಕ್ಕೆ ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ಕೊಡುವ ವೆಂಟಿಲೇಟರ್ ಹಾಕಿಸಿ. ಇಲ್ಲಿ ಅದನ್ನು ಎಚ್‌ಆರ್‌ವಿ ಅನ್ನುತ್ತಾರೆ.

ಫೋಮ್ ಒದ್ದೆಯಾಗಿ ಮೆತ್ತಗಾಗಿದ್ದರೆ ಆ ಭಾಗವನ್ನು ತೆಗೆಸಲೇಬೇಕು. ಇಡೀ ಮನೆಯದ್ದನ್ನು ತೆಗೆಸಬೇಕಾಗಿಲ್ಲ. ಹೇಗೂ ಬಾತ್‌ರೂಮ್ ಅಥವಾ ಅಡುಗೆಮನೆ ಹೊಸದು ಮಾಡಿಸುವುದಿದ್ದರೆ ಆ ಗೋಡೆಯನ್ನು ಆಗಲೇ ತೆರೆಸಿ, ಎರಡು ಸಲ ಖರ್ಚು ತಪ್ಪುತ್ತದೆ. ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬೇರ್ಪಡಿಸಿ, ಹೀಟಿಂಗಿನ ಗಾಳಿ ಕಿಂಡಿಗಳನ್ನು ಮುಚ್ಚಿ, ಬಹಳ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಲ್ಲಿ ಎಳೆಯಬೇಕು. ಹಳೇ ಗಾರೆಯಲ್ಲಿ, ಗೋಡೆ ಹಲಗೆಗಳು ಕೂಡುವ ಜಾಗಕ್ಕೆ ಬಳಿದ ಲೇಪದಲ್ಲಿ ಆಸ್ಬೆಸ್ಟಾಸ್ ಇರಬಹುದು, ಸುತ್ತಿಗೆ ಎತ್ತುವ ಮೊದಲು ಮಾದರಿ ಪರೀಕ್ಷೆ ಆಗಿರಲಿ. ಫೋಮ್ ಕೆರೆದ ಮೇಲೆ ಮರದಲ್ಲಿ ಉಳಿದ ಫಾರ್ಮಾಲ್ಡಿಹೈಡ್ ಹೋಗಲು ಸೋಡಿಯಂ ಬೈಸಲ್ಫೈಟ್ ದ್ರಾವಣ ಬಳಿಯುತ್ತಾರೆ. ಆಸ್ತಮಾ ಇರುವವರು ಆಗ ಮನೆಯಲ್ಲಿ ಇರಬಾರದು. ಆಮೇಲೆ ಆತುರಪಟ್ಟು ಗೋಡೆ ಮುಚ್ಚಿಸಬೇಡಿ. ಕಂಟ್ರಾಕ್ಟರು ಮುಂದಿನ ಕೆಲಸಕ್ಕೆ ಓಡಲು ತುದಿಗಾಲಲ್ಲಿ ನಿಂತಿರುತ್ತಾರೆ. ಮರ ಪೂರ್ತಿ ಒಣಗಿದೆ ಅಂತ ತೇವದ ಮೀಟರಿನಲ್ಲಿ ನೀವೇ ನೋಡಿಕೊಂಡು ಹೊಸ ಇನ್ಸುಲೇಷನ್‌ಗೆ ಹೂಂ ಅನ್ನಿ.

ಕಾಗದಪತ್ರದ ಮಾತು. ಮಾರುವವರು ಕಲಮು ಹೊಡೆದುಹಾಕಿದ್ದರೆ ಏಜೆಂಟರ ಮೂಲಕ ಕಾರಣ ಬರವಣಿಗೆಯಲ್ಲಿ ಕೇಳಿಸಿ. ಎಷ್ಟೋ ಸಲ ವಯಸ್ಸಾದ ಮಾಲೀಕರಿಗೆ ಮುಂಚಿನವರು ಏನು ಹಾಕಿಸಿದ್ದರೋ ಗೊತ್ತಿರುವುದಿಲ್ಲ, ವಕೀಲರು ಹೇಳಿದ್ದಕ್ಕೆ ಹೊಡೆದಿರುತ್ತಾರೆ. ಹಿಂದೆ ತೆಗೆಸಿದ್ದರೆ ಬಿಲ್ಲು ಕೇಳಿ, ಯಾವ ಯಾವ ಗೋಡೆ ಅಂತ ಕೇಳಿ. ಇನ್ಸ್‌ಪೆಕ್ಷನ್ ಷರತ್ತು ಇಲ್ಲದೆ ಆಫರ್ ಹಾಕಲು ಯಾರಾದರೂ ಒತ್ತಾಯಿಸಿದರೆ, 1980ಕ್ಕೆ ಮುಂಚಿನ ಮನೆಗೆ ನಾನಂತೂ ಬೇಡ ಅನ್ನುತ್ತೇನೆ. ಬೆಲೆ ಚೌಕಾಸಿ ಮಾಡುವಾಗಲೂ ಫೋಮ್ ಹೆಸರು ಹೇಳಿ ಕೇಳುವುದಕ್ಕಿಂತ, ಬದಲಿಸಬೇಕಾದ ಮಳೆನೀರಿನ ದೋಣಿ, ತಗಡು, ವೈರಿಂಗ್‌ಗೆ ಕೊಟೇಶನ್ ತಂದು ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ. ಮನೆ ನಿಮ್ಮದಾದ ಮೇಲೆ ಗಾಳಿ ಪರೀಕ್ಷೆಯ ವರದಿ, ಥರ್ಮಲ್ ಫೋಟೋ, ತೆರೆದ ಗೋಡೆಯ ಫೋಟೋ, ಕಂಟ್ರಾಕ್ಟರ ಬಿಲ್ಲು ಎಲ್ಲ ಒಂದು ಫೈಲಿಗೆ ಹಾಕಿಡಿ. ಮುಂದೆ ನೀವು ಮಾರುವ ದಿನ ಅದೇ ಕಲಮಿಗೆ ಸಹಿ ಹಾಕುವ ಸರದಿ ನಿಮ್ಮದು.